ಕಳೆ ಬರಿಸುವ ಕೆಲಸ

"ಲೇಔಟಿಗೆ ಒಂದೀಟು ಕಳೆ ಬರೋ ಹಂಗ ಏನರ ಮಾಡಿಕೊಡ್ರಿ ಮೇಡಂ" ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಕೇಳಿದಾಗ ನಾನು ನಕ್ಕುಬಿಟ್ಟೆ. ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ರಸ್ತೆಯ ಆ ಲೇಔಟನ್ನು ಹೊರಗಿನಿಂದ ಬಲ್ಲೆ. ಮನೆ ಕಟ್ಟದೆ ಬಿಟ್ಟ ಸೈಟುಗಳಲ್ಲೆಲ್ಲ ಸೊಂಟದೆತ್ತರ ಪಾರ್ಥೇನಿಯಂ.

"ಅಲ್ಲಿ ಕಳೆಗೇನು ಕಮ್ಮಿ ಆಗೇತ್ರಿ ಅಣ್ಣಾರ?" ಎಂದೆ.

ಅವರು ನಗಲಿಲ್ಲ. ನಾನು ಸಿವಿಲ್ ಇಂಜಿನಿಯರು, ನನ್ನ ಆಫೀಸು ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಅಲ್ಲಿನ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕುಳಿತು, ಕೈಗಳನ್ನು ಮೊಣಕಾಲುಗಳ ನಡುವೆ ಸೇರಿಸಿಕೊಂಡು ಹೇಳಿದರು: "ಸೈಟು ನೋಡಾಕ ಬಂದೋರು ಕಾರಿಂದ ಕೆಳಗ ಇಳಿಯೋದಿಲ್ಲ. ಬಾಡಿಗಿಗೆ ಬಂದೋರು ವರ್ಷ ತುಂಬಸಾಂಗಿಲ್ಲ. ರೋಡ್ ಐತಿ, ನೀರ್ ಐತಿ, ಲೈಟ್ ಐತಿ. ಏನ್ ಕಮ್ಮಿ ಐತಿ ಅಂತ ನನಗೂ ತಿಳೀವಲ್ದು."

ಅವರು ಮಾರ್ಕೆಟ್ ಯಾರ್ಡಿನಲ್ಲಿ ದಲ್ಲಾಳಿ ಅಂಗಡಿ ನಡೆಸುವವರು, ಮೆಕ್ಕೆಜೋಳದ ವ್ಯಾಪಾರ. ಪೇಟೆಯ ಓಣಿಯಲ್ಲಿದ್ದ ಹಳೆಯ ಮನೆಯ ತಮ್ಮ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು, ಲೇಔಟಿನಲ್ಲಿ ಎಲ್ಲರಿಗಿಂತ ಮೊದಲು ಮನೆ ಕಟ್ಟಿದ್ದರು. ತಾವು ಹೋದರೆ ಊರು ಹಿಂದೆ ಬರುತ್ತದೆಂಬ ಭರವಸೆ ಅವರಿಗಿತ್ತು. ಊರು ಬಂದಿರಲಿಲ್ಲ.

ಅವರು ಬೇಡಿದ್ದು ನಾಲ್ಕು ಕೆಲಸ. ಮುಂದೆ ಒಂದು ಕಮಾನು, ಮುಖ್ಯ ರಸ್ತೆಯ ಉದ್ದಕ್ಕೂ ಪಾಮ್ ಗಿಡ, ಕಾಂಪೌಂಡಿಗೆ ಬಣ್ಣ, ಮತ್ತು ಹಿಂದಿನ ಕಾಂಪೌಂಡಿನಲ್ಲಿ ಮಳೆಗೆ ಬಿದ್ದು ಕಂಡಿಯಾಗಿದ್ದ ಒಂದು ಭಾಗವನ್ನು ಕಟ್ಟಿ ಮುಚ್ಚುವುದು. ಅಂದಾಜು ಮಾಡಿ ಕೊಡುತ್ತೇನೆಂದು ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಅಳತೆಗೆ ಹೋದೆ. ಈ ಮೇಸ್ತ್ರಿ ಹರಪನಹಳ್ಳಿ ಕಡೆಯವನು, ಬಹಳ ವರ್ಷಗಳಿಂದ ನನ್ನ ಕೆಲಸಗಳನ್ನೆಲ್ಲ ಅವನೇ ಹಿಡಿಯುತ್ತಾನೆ. ಅವನು ಟೇಪಿನ ಒಂದು ತುದಿ, ನಾನು ಒಂದು ತುದಿ. ರಸ್ತೆಗಳೆಲ್ಲ ಒಂದೇ ಅಗಲ, ಒಂದೇ ನೇರ. ಈ ಕೊನೆಯಲ್ಲಿ ನಿಂತರೆ ಆ ಕೊನೆಯ ಟ್ರಾನ್ಸ್‌ಫಾರ್ಮರ್ ಕಾಣುತ್ತದೆ, ನಡುವೆ ಕಣ್ಣು ತಂಗಲು ಏನೂ ಇಲ್ಲ. ಮನೆಗಳ ಮುಂದೆ ಆಳಿಗಿಂತ ಎತ್ತರದ ಗೇಟು. ಗೇಟಿನ ಸರಳುಗಳ ನಡುವೆಯೂ ಏನೂ ಕಾಣಬಾರದೆಂದು ತಗಡು ಹೊಡೆಸಿದ್ದರು. ಗೇಟಿನ ಹಿಂದೆ ಕಾರು, ಕಾರಿನ ಹಿಂದೆ ಬಾಗಿಲು. ಕಿಟಕಿಗಳೆಲ್ಲ ಪಕ್ಕದ ಗೋಡೆಗೆ ತಿರುಗಿದ್ದವು. ಪಾರ್ಕಿಗೆಂದು ಬಿಟ್ಟದ್ದು ಯಾವ ಸೈಟಿಗೂ ಹೊಂದದೆ ಉಳಿದ ತಗ್ಗಿನ ಮೂರು ಮೂಲೆಯ ತುಂಡು ಜಾಗ. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತಿತ್ತು. ಸೈಟು ಮಾರುವಾಗಲೇ ಇಲ್ಲಿ ಅಂಗಡಿಗಳಿಗೆ ಅವಕಾಶವಿಲ್ಲವೆಂದು ಹೆಮ್ಮೆಯಿಂದ ಹೇಳಿದ್ದರಂತೆ. ಹಾಗಾಗಿ ಕರಿಬೇವು ಬೇಕಾದರೂ ಸ್ಕೂಟರ್ ಚಾಲೂ ಮಾಡಬೇಕು.

ಪೇಟೆಯಲ್ಲಿ ನಾನು ಟೇಪು ಬಿಚ್ಚಿದರೆ ಸಾಕು, ಸುತ್ತಲಿನ ಮನೆಗಳಿಂದ ಜನ ಇಳಿದು ಬರುತ್ತಾರೆ. ರಸ್ತೆ ಅಗಲ ಮಾಡ್ತಾರೇನ್ರಿ, ನಮ್ಮ ಮೆಟ್ಟಿಲು ಹೋಗತೈತೇನ್ರಿ ಎಂದು ಕೇಳುತ್ತಾರೆ, ಜಗಳ ತೆಗೆಯುತ್ತಾರೆ, ಚಹಾ ಕೊಡುತ್ತಾರೆ. ಇಲ್ಲಿ ಬಿಸಿಲು ನೆತ್ತಿಗೆ ಬರುವವರೆಗೆ ಅಳೆದೆವು. ನೀವು ಯಾರು ಎಂದು ಒಬ್ಬರೂ ಕೇಳಲಿಲ್ಲ.

"ಊರಿಗೆ ಊರ ಕದ್ದುಕೊಂಡು ಹೋದ್ರೂ ಇಲ್ಲಿ ಯಾರೂ ಕೇಳಲ್ಲ ಬಿಡಿ ಮೇಡಂ" ಎಂದ ಮೇಸ್ತ್ರಿ.

ಹಿಂದಿನ ಕಾಂಪೌಂಡಿಗೆ ಬಂದಾಗ ಗೋಡೆ ಏಕೆ ಬಿತ್ತೆಂದು ನೋಡಿದ ಕೂಡಲೇ ತಿಳಿಯಿತು. ಆ ಭಾಗದ ನೆಲ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಮಣ್ಣಿನ ಮೇಲೆ ಮೊಣಕಾಲುದ್ದದ ಪಾಯ ಹಾಕಿ ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿದ್ದರು. ಅದೂ ಅಲ್ಲದೆ ಇಡೀ ಲೇಔಟಿನ ನೀರು ಹರಿದು ಬರುವುದು ಅತ್ತಲೇ. ಗೋಡೆಯ ಆಚೆ ಒಂದು ಸಣ್ಣ ಹಳ್ಳ, ಅದರ ದಂಡೆಗುಂಟ ಕಾಲುದಾರಿ. ಹಳ್ಳಕ್ಕೆ ನೀರು ಬಿಡಲು ಗೋಡೆಯ ಬುಡದಲ್ಲಿ ಒಂದು ತೂತೂ ಇಟ್ಟಿರಲಿಲ್ಲ. ನೀರು ಒತ್ತಿತು, ಗೋಡೆ ಆಚೆ ಮಗುಚಿತು. ಕಾಲುದಾರಿ ಮುಂದೆ ಕುರಿ ಸಾಕುವವರ ಕೇರಿಯೊಳಗೆ ಹಾದು ನೇರ ಪೇಟೆಗೆ ಬೀಳುತ್ತಿತ್ತು. ಮುಂದಿನ ಗೇಟಿನಿಂದ ಹೋದರೆ ಹೆದ್ದಾರಿ ಹಿಡಿದು ಸುತ್ತುಬಳಸಿ ಹೋಗಬೇಕಾದ ಪೇಟೆಗೆ ಇಲ್ಲಿಂದ ಮಾತಾಡುತ್ತ ನಡೆದು ಹೋಗಬಹುದಿತ್ತು.

ಮಟ್ಟ ತೆಗೆಯುವ ಕೆಲಸ ಉಳಿದಿದ್ದರಿಂದ ಸಂಜೆ ಮತ್ತೆ ಬಂದೆ. ಬೆಳಿಗ್ಗೆ ಸತ್ತಂತಿದ್ದ ಕಂಡಿಯ ಬಳಿ ಜನ ಇದ್ದರು. ಬಿದ್ದ ಗೋಡೆಯ ಪಕ್ಕದ ಖಾಲಿ ಸೈಟಿನಲ್ಲಿ ಒಂದು ತಳ್ಳುಗಾಡಿ, ಗಾಡಿಯ ಮೇಲೆ ಕುದಿಯುವ ಎಣ್ಣೆಯ ಬಾಣಲೆ. ಕೇರಿಯ ಹೆಂಗಸೊಬ್ಬಳು ಮಿರ್ಚಿ ಕರಿದು, ಒಗ್ಗರಣೆ ಮಂಡಕ್ಕಿ ಕಲೆಸಿ ಕೊಡುತ್ತಿದ್ದಳು. ಗೋಡೆಯಿಂದ ಉದುರಿದ ಇಟ್ಟಿಗೆಗಳನ್ನೇ ಯಾರೋ ಪೇರಿಸಿ ಕೂರಲು ಮಾಡಿಕೊಂಡಿದ್ದರು. ಲೇಔಟಿನ ಹೆಂಗಸರು, ಕೇರಿಯ ಮುದುಕರು, ಟ್ಯೂಷನ್ ಮುಗಿಸಿದ ಹುಡುಗಿಯರು, ಎಲ್ಲರೂ ಅಲ್ಲೇ. ಯಾರದೋ ಮನೆಯ ಮದುವೆಯ ಸೀರೆಯ ಬಣ್ಣದ ಬಗ್ಗೆ ದೊಡ್ಡ ವಾದ ನಡೆದಿತ್ತು.

"ಬರ್ರಿ ಮೇಡಮ್ಮಾರ, ಮುಂಜಾನಿಂದ ಬಿಸಲಾಗ ತಿರಗ್ಯಾಡಾಕ ಹತ್ತೀರಿ. ಬಿಸೀದು ಎರಡು ತಿನ್ರಿ" ಎಂದಳು ಗಾಡಿಯಾಕೆ. ಬೆಳಿಗ್ಗೆ ಅವಳು ನನ್ನನ್ನು ಗೋಡೆಯಾಚೆಯಿಂದ ನೋಡಿದ್ದಳಂತೆ. ಮಿರ್ಚಿ ಕೊಟ್ಟು, ದನಿ ತಗ್ಗಿಸಿ ಕೇಳಿದಳು: "ಮುಚ್ಚಾಕ ಬಂದೀರೇನ್ರಿ?"

"ಇನ್ನೂ ಏನೂ ಗಟ್ಟಿ ಇಲ್ಲ ಅಕ್ಕ" ಎಂದೆ.

ಪಕ್ಕದಲ್ಲಿ ಇಟ್ಟಿಗೆಯ ಮೇಲೆ ಕುಳಿತಿದ್ದ ಪ್ರಾಥಮಿಕ ಶಾಲೆಯ ಟೀಚರೊಬ್ಬರು ನನ್ನತ್ತ ಸರಿದರು. ಪೇಟೆಯಿಂದ ಇಲ್ಲಿಗೆ ಬಂದು ಮನೆ ಕಟ್ಟಿದವರು. "ಇದನ್ನ ಮುಚ್ಚಿದ್ರ ನಾನು ಮತ್ತ ನಾಕ್ ಗೋಡಿ ನಡುವ ಉಳೀತೀನಿ ನೋಡ್ರಿ. ಈ ಲೇಔಟಿನಾಗ ಯಾರ ಹೆಸರು ಗೊತ್ತದಾವೋ ಅವೆಲ್ಲ ಈ ಗಾಡಿ ಹತ್ರಾನ ಕಲ್ತಿದ್ದು" ಎಂದರು.

ಆ ವಾರ ನಾನು ಎರಡು ಅಂದಾಜು ಸಿದ್ಧಪಡಿಸಿದೆ. ಒಂದು ಕಾರ್ಯದರ್ಶಿ ಕೇಳಿದಂತೆ. ಇನ್ನೊಂದರಲ್ಲಿ ಕಂಡಿಯನ್ನು ಮುಚ್ಚದೆ ಅದಕ್ಕೊಂದು ರೂಪ ಕೊಟ್ಟಿದ್ದೆ. ಎರಡು ಬದಿಗೆ ಕಾಂಕ್ರೀಟಿನ ಕಂಬ, ಮೇಲೊಂದು ತೊಲೆ, ನಡುವೆ ತೂಗುಗೇಟು. ಅರ್ಧ ದುಂಡಗಿನ ಕಬ್ಬಿಣದ ಕಟಕಟೆ, ಅದರೊಳಗೆ ಅತ್ತಿತ್ತ ತೂಗುವ ಸಣ್ಣ ಗೇಟು. ಮನುಷ್ಯ ಕಟಕಟೆಯೊಳಗೆ ಹೊಕ್ಕು, ಗೇಟನ್ನು ತನ್ನ ಹಿಂದಕ್ಕೆ ತಳ್ಳಿ ಆಚೆ ದಾಟಬಹುದು. ಬೈಕು ತಿರುಗದು, ಕುರಿ ದಾಟದು. ಬುಡದಲ್ಲಿ ನೀರು ಹಳ್ಳಕ್ಕೆ ಹೋಗಲು ದಪ್ಪ ಪೈಪು. ಪಾಮ್ ಬದಲು ಬೇವು, ಹೊಂಗೆ. ಗಾಡಿಯ ಜಾಗದಲ್ಲಿ ಕಡಪ ಕಲ್ಲಿನ ಆಸನ. ಕಮಾನನ್ನು ತೆಗೆದುಹಾಕುವ ಧೈರ್ಯ ಮಾಡಲಿಲ್ಲ, ಸಣ್ಣದು ಮಾಡಿದ್ದೆ.

ಭಾನುವಾರ ಸಮುದಾಯ ಭವನಕ್ಕೆಂದು ಬಿಟ್ಟ ಜಾಗದ ತಗಡಿನ ಶೆಡ್ಡಿನಲ್ಲಿ ಸಭೆ ಸೇರಿತು. ಕಾರ್ಯದರ್ಶಿ ನನ್ನ ಎರಡನೆಯ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಮೇಡಂ, ನಿಮಗ ಕೊಟ್ಟಿದ್ದು ಕಂಡಿ ಮುಚ್ಚೋ ಕೆಲಸ. ನೀವು ಅದಕ್ಕ ಬಾಗಲಾ ಇಟ್ಟುಕೊಂಡು ಬಂದೀರಿ."

"ಅಣ್ಣಾರ, ಲೇಔಟಿಗೆ ಕಳೆ ಬರ್ಬೇಕು ಅಂದ್ರಿ. ನಾನು ಎಲ್ಲಾ ಕಡೆ ಹುಡಿಕಿದೆ, ಕಳೆ ಇರೋದು ಅದೊಂದ ಜಾಗದಾಗ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಾರ್ಯದರ್ಶಿ ಕೆಟ್ಟವರೇನಲ್ಲ, ಅವರ ಮಾತಿಗೆ ಕಾರಣಗಳಿದ್ದವು. ಕಟ್ಟುತ್ತಿದ್ದ ಮನೆಯೊಂದರ ಮೋಟಾರು ಕಳುವಾಗಿತ್ತು. ಹಿಂದೊಮ್ಮೆ ನೆಟ್ಟ ಗಿಡಗಳನ್ನು ಕುರಿಗಳು ನುಗ್ಗಿ ಬುಡಮಟ್ಟ ತಿಂದಿದ್ದವು. ಸುತ್ತಲೂ ಗೋಡೆ ಇದೆಯೆಂಬ ಮಾತಿನ ಮೇಲೆಯೇ ಎಲ್ಲರೂ ಸೈಟು ಕೊಂಡಿದ್ದರು. ಟೀಚರು ಎದ್ದು ಗಾಡಿಯ ಬಳಿ ನನಗೆ ಹೇಳಿದ್ದನ್ನೇ ಸಭೆಗೂ ಹೇಳಿದರು. ಒಂದಷ್ಟು ಹೆಂಗಸರು ತಲೆಯಾಡಿಸಿದರು. ಗಂಡಸರು ನೆಲ ನೋಡಿದರು. ಕೊನೆಗೆ ಕಾರ್ಯದರ್ಶಿಯೇ, "ಆತು, ದೀಪಾವಳಿ ತನಕ ನೋಡೂಣು. ಆದ್ರ ಕಮಾನು ಸಣ್ಣದು ಮಾಡಬ್ಯಾಡ್ರಿ" ಎಂದರು. ಅಷ್ಟಾದರೂ ಸಿಕ್ಕಿತಲ್ಲ ಎಂದು ನಾನು ಖುಷಿಯಿಂದ ಮನೆಗೆ ಬಂದೆ.

ಕಂಬಗಳ ಗುಂಡಿಯನ್ನು ಎರೆಯ ಕೆಳಗಿನ ಗರಸಿನ ಗಟ್ಟಿ ನೆಲ ಸಿಗುವವರೆಗೆ ತೋಡಿಸಿದೆ. ಎರೆಯ ಮೇಲೆ ನಿಂತದ್ದು ಯಾವುದೂ ಉಳಿಯುವುದಿಲ್ಲ. ನೆಲಮಟ್ಟದಲ್ಲಿ ಎರಡೂ ಕಂಬಗಳನ್ನು ಜೋಡಿಸುವ ಒಂದು ತೊಲೆ, ತಲೆಯ ಮೇಲೆ ಇನ್ನೊಂದು. ತೂಗುಗೇಟನ್ನು ಬಸ್ ಸ್ಟ್ಯಾಂಡ್ ಹತ್ತಿರದ ವೆಲ್ಡಿಂಗ್ ಅಂಗಡಿಯವನು ಮಾಡಿಕೊಟ್ಟ. ಕೂರಿಸಿದ ವಾರದಲ್ಲೇ ಮಕ್ಕಳು ಅದಕ್ಕೆ ಜೋತುಬಿದ್ದು ಆಡಿ ಬಿಜಾಗರಿ ಕಿತ್ತುಬಂತು. ಕಂಬದೊಳಗೆ ಹೂತ ಗಟ್ಟಿ ಸಲಾಕೆಗೆ ಬೇರಿಂಗ್ ಕೂರಿಸಿ ಮತ್ತೆ ಹಾಕಿಸಿದೆ. ಮಕ್ಕಳು ಮತ್ತೆ ಜೋತುಬಿದ್ದರು, ಈ ಸಲ ಗೇಟು ತಡೆಯಿತು.

ಗಾಡಿಯಾಕೆಗೆ ಒಂದು ತೊಂದರೆಯಾಯಿತು. ತೂಗುಗೇಟಿನಲ್ಲಿ ಗಾಡಿ ಹಾಯುವುದಿಲ್ಲ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಟೀಚರು ತಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ರಾತ್ರಿ ಗಾಡಿ ನಿಲ್ಲಿಸಿಕೊಳ್ಳಲು ಹೇಳಿದರು. ಅವಳು ಪಾತ್ರೆ, ಹಿಟ್ಟು, ಸ್ಟೋವು ಹೊತ್ತು ಗೇಟು ತಳ್ಳಿಕೊಂಡು ದಿನಾ ಬರುತ್ತಿದ್ದಳು. ಕಡಪ ಕಲ್ಲುಗಳ ಮೇಲೆ ಜಾಗ ಸಾಲದೆ ಜನ ನಿಂತುಕೊಳ್ಳತೊಡಗಿದರು. ಹೂ ಮಾರುವವಳೊಬ್ಬಳು ಹಡಗಲಿ ಮಲ್ಲಿಗೆಯ ಬುಟ್ಟಿ ಇಟ್ಟುಕೊಂಡು ಬಂದಳು. ಕಾರ್ಯದರ್ಶಿಯ ಹೆಂಡತಿ ಮೊದಲು ದೂರ ನಿಂತು ನೋಡುತ್ತಿದ್ದವರು ಆಮೇಲೆ ಹೂ ಕೊಳ್ಳುವ ನೆವದಲ್ಲಿ ಕುಳಿತರು, ಆಮೇಲೆ ನೆವವಿಲ್ಲದೆ. ಕಮಾನಿನ ಸೆಂಟ್ರಿಂಗ್ ನೋಡಲು ನಾನು ಬಂದಾಗಲೆಲ್ಲ ಅತ್ತ ಹೋಗಿ ಬರುತ್ತಿದ್ದೆ. ಎರಡು ಕಡೆಯ ಜನಕ್ಕೆ ಪರಸ್ಪರರ ಮನೆಯ ಸುದ್ದಿ ಗೊತ್ತಾಗತೊಡಗಿತ್ತು. ನನ್ನ ಕೆಲಸದಲ್ಲಿ ಕಟ್ಟಿದ್ದನ್ನು ಜನ ಬಳಸುವುದನ್ನು ನಿಂತು ನೋಡುವ ಭಾಗ್ಯ ಕಡಿಮೆ. ಆ ದಿನಗಳಲ್ಲಿ ಅದು ಇತ್ತು.

ದೀಪಾವಳಿಗೆ ಇನ್ನೂ ದಿನಗಳಿರುವಾಗ ಒಂದು ಮಧ್ಯಾಹ್ನ ಕಾರ್ಯದರ್ಶಿಯ ಹೆಂಡತಿ ಮುಖ್ಯ ರಸ್ತೆಯಲ್ಲಿ ಒಬ್ಬರೇ ನಡೆದು ಹೋಗುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಕೊರಳಿನ ಸರಕ್ಕೆ ಕೈಹಾಕಿ ಎಳೆದು, ಅವರನ್ನು ಕೆಡವಿ, ಮುಂದಿನ ಗೇಟಿನಿಂದಲೇ ಹೆದ್ದಾರಿಗೆ ಹೋಗಿಬಿಟ್ಟರು. ಬಿದ್ದಲ್ಲಿಂದಲೇ ಆಕೆ ಕೂಗಿಕೊಂಡರಂತೆ. ಎಷ್ಟೋ ಹೊತ್ತಿನ ಮೇಲೆ ಒಂದು ಗೇಟು ತೆರೆದು ಯಾರೋ ಹೊರಗೆ ಬಂದರಂತೆ.

ನಾನು ನೋಡಲು ಹೋದಾಗ ಅವರು ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಕುತ್ತಿಗೆಯ ಸುತ್ತ ದಾರದ ಹಾಗೆ ಕೆಂಪು ಗೀರು. ಕಾರ್ಯದರ್ಶಿ ನನ್ನನ್ನು ಹೊರಗೆ ಕರೆದುಕೊಂಡು ಬಂದರು.

"ನಾಳೆ ಆ ಕಂಡಿ ಮುಚ್ಚಿಬಿಡ್ರಿ ಮೇಡಂ. ಸಂಘದೋರೆಲ್ಲ ಹೂಂ ಅಂದಾರ."

"ಅಣ್ಣಾರ, ಕಳ್ಳರು ಬಂದಿದ್ದು ಮುಂದಿನ ಗೇಟಿಂದ. ಹೋಗಿದ್ದೂ ಅಲ್ಲಿಂದಾನ. ತೂಗುಗೇಟಿನ್ಯಾಗ ಬೈಕು ಹಾಯೋದ ಇಲ್ಲ."

"ಗೊತ್ತೈತಿ."

"ಅಕ್ಕಾರಿಗೆ ಹಿಂಗಾಗಿದ್ದು ಯಾಕಂದ್ರ ಆ ರೋಡಿನಾಗ ಒಂದು ನರಪಿಳ್ಳಿ ಇರ್ಲಿಲ್ಲ. ಗಾಡಿ ಹತ್ರ ಆಗಿದ್ರ ಹಿಡಿದು ಹಾಕಿರೋರು."

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ, ದಣಿವಿತ್ತು. "ಮೇಡಂ, ಯಾರೂ ಇರಾಂಗಿಲ್ಲ ಅಂತಾನ ನಾವು ಇಲ್ಲಿ ಜಾಗ ತಗಂಡಿದ್ದು" ಎಂದರು.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲ ಊರುಗಳ ಹೊರಗೂ ಇಂಥ ಲೇಔಟುಗಳಿವೆ. ಎಲ್ಲ ಕಡೆಯೂ ಜನ ನನ್ನಿಂದ ಮೊದಲು ಕೇಳುವುದು ಗೋಡೆಯನ್ನೇ. ಓಣಿಯ ಗಲಾಟೆ, ಪಕ್ಕದ ಮನೆಯ ಕಿವಿ, ನೆಂಟರ ಕಣ್ಣು ಇವುಗಳಿಂದ ಬೇಸತ್ತು ಬಂದವರಿಗೆ ಮತ್ತೆ ಅವುಗಳನ್ನೇ ಕೊಡುತ್ತೇನೆಂದರೆ ಹೇಗೆ ಒಪ್ಪುತ್ತಾರೆ? ಆದರೆ ಅವನ್ನೆಲ್ಲ ಹೊರಗಿಟ್ಟ ಮೇಲೆ ಒಳಗೆ ಉಳಿಯುವುದು ರಸ್ತೆ, ನೀರು, ಲೈಟು ಮಾತ್ರ.

ಕೆಲಸ ಒಲ್ಲೆ ಎನ್ನಬೇಕೆಂದು ಮನಸ್ಸು ಮಾಡಿಕೊಂಡೇ ಮನೆಗೆ ಬಂದೆ. ಮೇಸ್ತ್ರಿಗೆ ಫೋನಿನಲ್ಲಿ ಹೇಳಿದೆ.

"ನೀವು ಒಲ್ಲೆ ಅಂದ್ರೆ ಅವರು ಇನ್ನೊಬ್ಬ ಮೇಸ್ತ್ರಿನ ಕರೀತಾರೆ" ಎಂದ ಅವನು. "ಕಂಬ, ತೊಲೆ ಎಲ್ಲ ಒಡೆದು ಹಾಕಿ ಉದ್ದಕ್ಕೆ ಗೋಡೆ ಎಬ್ಬಿಸ್ತಾರೆ. ಆಮೇಲೆ ಅಲ್ಲಿ ಬಾಗಿಲು ಇತ್ತು ಅಂತ ಹೇಳೋಕೂ ಗುರುತು ಇರಲ್ಲ."

ಬೆಳಿಗ್ಗೆ ಕಾರ್ಯದರ್ಶಿಗೆ ಫೋನ್ ಮಾಡಿ, ಕಂಡಿಯನ್ನು ನಾನೇ ಮುಚ್ಚಿಕೊಡುತ್ತೇನೆ ಎಂದೆ.

ಕಂಬಗಳನ್ನೂ ತೊಲೆಗಳನ್ನೂ ಹಾಗೇ ಉಳಿಸಿದೆ. ತೂಗುಗೇಟನ್ನು ಮಾತ್ರ ಬಿಚ್ಚಿಸಿದೆ. ನಡುವಿನ ಗೋಡೆಯನ್ನು ಎಬ್ಬಿಸುವಾಗ ಕಂಬಕ್ಕೂ ಇಟ್ಟಿಗೆಗೂ ಕಚ್ಚು ಕೊಡಬೇಡ, ಒಂದರೊಳಗೊಂದು ಬೆಸೆಯಬೇಡ ಎಂದು ಮೇಸ್ತ್ರಿಗೆ ಹೇಳಿದೆ. ಗಾರೆಗೆ ಸಿಮೆಂಟ್ ಬೇಡ, ಜರಡಿ ಹಿಡಿದ ಮಣ್ಣು ಕಲೆಸು, ಹೊರಮೈಗೆ ಮಾತ್ರ ಸಿಮೆಂಟಿನ ತೆಳುವಾದ ಗಿಲಾವು ಮಾಡು ಎಂದೆ.

ಮೇಸ್ತ್ರಿ ಕರಣೆ ಕೆಳಗಿಟ್ಟ. "ಕಚ್ಚು ಬೇಡ ಅಂತೀರಿ, ಮಣ್ಣಿನ ಗಾರೆ ಅಂತೀರಿ. ಮೇಡಂ, ನಾನು ಕಟ್ಟುತಿರೋದು ಗೋಡೆನಾ, ಬಾಗಿಲಾ?"

"ಸದ್ಯಕ್ಕೆ ಗೋಡೆ" ಎಂದೆ.

ತೊಲೆಯ ಭಾರ ಕಂಬಗಳ ಮೇಲಿರುವುದರಿಂದ ಒಳಗಿನ ಇಟ್ಟಿಗೆಯನ್ನು ಯಾವಾಗ ಬೇಕಾದರೂ, ಗೋಡೆಯ ಉಳಿದ ಭಾಗಕ್ಕೆ ಏನೂ ಆಗದಂತೆ ತೆಗೆಯಬಹುದಿತ್ತು. ಇದನ್ನು ನಾನು ಕಾರ್ಯದರ್ಶಿಗೆ ಹೇಳಲಿಲ್ಲ. ಹೆದರಿಕೆ ಇಳಿದ ಮೇಲೆ, ಒಂದು ಸಭೆ ಕರೆದು, ಮತ್ತೆ ತೆರೆಯೋಣ ಎಂದು ಅವರೇ ಅನ್ನುವ ದಿನ ಬರುತ್ತದೆಂದು ನಂಬಿದ್ದೆ. ಆ ದಿನಕ್ಕೆ ಕೆಲಸ ಸುಲಭವಾಗಿರಲಿ ಎಂಬುದಷ್ಟೇ ನನ್ನ ಯೋಜನೆ.

ಗೋಡೆ ಮೊಣಕಾಲೆತ್ತರ ಬಂದಾಗ ಗಾಡಿಯಾಕೆ ಒಳಗೇ ಇದ್ದಳು. ಪಾತ್ರೆಗಳನ್ನು ಆಗಲೇ ಗೋಡೆ ದಾಟಿಸಿದ್ದಳು. ಗಾಡಿ ಉಳಿದಿತ್ತು. ಅದನ್ನು ಮುಂದಿನ ಗೇಟಿನಿಂದಲೇ ಒಯ್ಯಬೇಕು. ಟೀಚರು ಶಾಲೆಯಲ್ಲಿದ್ದರು. ಮೇಸ್ತ್ರಿ, ನಾನು, ಅವಳು, ಮೂವರೂ ಸೇರಿ ಮುಖ್ಯ ರಸ್ತೆಯ ಉದ್ದಕ್ಕೂ ಗಾಡಿ ತಳ್ಳಿದೆವು. ಒಂದು ಚಕ್ರ ಕಿರುಗುಡುತ್ತಿತ್ತು. ಆ ನೇರ ರಸ್ತೆಯಲ್ಲಿ ಅದು ಮನೆಮನೆಗೂ ಕೇಳಿಸಿರಬೇಕು. ಕಮಾನಿಗೆ ಬಣ್ಣ ಬಳಿಯುತ್ತಿದ್ದವರು ಏಣಿ ಸರಿಸಿ ದಾರಿ ಬಿಟ್ಟರು.

"ಈ ಕಮಾನಿನ್ಯಾಗ ಹಾದು ಹೋಗೋ ಮೊದಲನೇ ಮೆರವಣಿಗಿ ನಂದ ನೋಡ್ರಿ ಮೇಡಮ್ಮಾರ" ಎಂದು ಅವಳು ನಕ್ಕಳು. ನಾನೂ ನಕ್ಕೆ. ಹೆದ್ದಾರಿಯ ಅಂಚಿಗೆ ಗಾಡಿ ಇಳಿಸಿದ ಮೇಲೆ, "ಮತ್ತ ತೆಗಿಯೂಣಕ್ಕ, ಸ್ವಲ್ಪ ದಿನ ಹೋಗ್ಲಿ" ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಆಗ್ಲೇಳ್ರಿ" ಎಂದು ಗಾಡಿ ತಳ್ಳಿಕೊಂಡು ಹೋದಳು.

ಕಮಾನು ಚೆನ್ನಾಗಿ ಬಂತು. ದೀಪಾವಳಿಗೆ ಅದಕ್ಕೆ ಲೈಟಿನ ಸರ ಹಾಕಿದ್ದರು. ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ನನಗೆ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಗೋದಾಮಿನ ಕೆಲಸ ಬಂತು, ಅದು ಮುಗಿಯುವ ಮೊದಲೇ ಇನ್ನೊಂದು. ಟೀಚರು ಬೇಸಿಗೆಯ ರಜೆಯಲ್ಲಿ ಮನೆ ಬಾಡಿಗೆಗೆ ಕೊಟ್ಟು ಪೇಟೆಗೆ ವಾಪಸಾದರೆಂದು ಅವರನ್ನು ಸಂತೆಯಲ್ಲಿ ಕಂಡಾಗ ತಿಳಿಯಿತು. "ನೀವು ಹೇಳ್ಬೇಕಿತ್ರಿ ಮೇಡಂ, ಸಭೆ ಮುಂದ ಇನ್ನೊಂದು ಸಲ. ನಿಮ್ಮ ಮಾತು ಕೇಳ್ತಿದ್ರು" ಎಂದರು ಅವರು. ಕೇಳುತ್ತಿದ್ದರೋ ಇಲ್ಲವೋ. ನಾನು ಹೇಳಿರಲಿಲ್ಲ ಎಂಬುದಂತೂ ನಿಜ.

ಹೋದ ಮಳೆಗಾಲದ ಮೊದಲು ಕಾರ್ಯದರ್ಶಿ ಮತ್ತೆ ನಮ್ಮ ಮನೆಗೆ ಬಂದರು. ಈ ಸಲ ಕುರ್ಚಿಗೆ ಪೂರ್ತಿ ಒರಗಿ ಕುಳಿತರು.

"ತಂಗೆವ್ವ" ಎಂದರು. ಅದುವರೆಗೆ ಅವರು ನನ್ನನ್ನು ಹಾಗೆ ಕರೆದಿರಲಿಲ್ಲ. "ನಮ್ಮಾಕಿ ಇಡೀ ದಿನ ಒಳಗ ಕುಂದರ್ತಾಳ. ಗೇಟಿಗೆ ಎರಡು ಕೀಲಿ ಹಾಕ್ಯಾಳ. ಏನಾರ ಆದ್ರ ಕೂಗಿದ್ರ ಕೇಳಾಕ ಯಾರದಾರ ಅಂತಾಳ. ಆ ಗಾಡಿ ಹತ್ರ ಹೋಗಿ ಬರ್ತಿದ್ಲಲ್ಲ, ಆವಾಗ ಚಲೋ ಇದ್ಲು. ಆ ಗೋಡಿ ಈಗ ಒಡಿಯಾಕ ಬರ್ತೈತೇನು? ಉಳಿದಿದ್ದು ಬೀಳ್ತೈತೇನೋ ಅಂತ ಅಂಜಿಕಿ."

ನಾನು ಎಲ್ಲವನ್ನೂ ಹೇಳಿದೆ: ಕಂಬ, ತೊಲೆ, ಕಚ್ಚಿಲ್ಲದ ಇಟ್ಟಿಗೆ, ಮಣ್ಣಿನ ಗಾರೆ. ಒಂದು ಗುದ್ದಲಿ ಇದ್ದರೆ ಒಂದು ಹೊತ್ತಿನ ಕೆಲಸ ಎಂದೆ. ಅವರು ಬೈಯಬಹುದೆಂದು ಕಾದೆ. ಅವರು ತಲೆ ಅಲ್ಲಾಡಿಸುತ್ತ, "ಆವತ್ತ ಗೊತ್ತಿತ್ತೇನು ನಿನಗ, ನಾನು ಬರ್ತೀನಿ ಅಂತ?" ಎಂದರು.

"ಬರ್ಲಿ ಅಂತ ಇತ್ತು ಅಣ್ಣಾರ."

ಮೊದಲು ಗಾಡಿಯಾಕೆಯನ್ನು ಕೇಳೋಣವೆಂದು ಹೋದೆವು. ಅವಳು ಹರಪನಹಳ್ಳಿ ರಸ್ತೆಯ ಕಾಲೇಜಿನ ಎದುರು ತಗಡಿನ ಸಣ್ಣ ಅಂಗಡಿ ಹಾಕಿದ್ದಳು. ಎರಡು ಬಾಣಲೆ, ಸುತ್ತ ಹುಡುಗ ಹುಡುಗಿಯರ ಗುಂಪು. ನಮ್ಮನ್ನು ಕಂಡು ಖುಷಿಪಟ್ಟಳು, ಇಬ್ಬರಿಗೂ ಮಿರ್ಚಿ ಕೊಟ್ಟಳು. ಕಾರ್ಯದರ್ಶಿ ವಿಷಯ ಹೇಳಿದಾಗ ಸೌಟು ತಿರುಗಿಸುತ್ತಲೇ ಕೇಳಿಸಿಕೊಂಡಳು.

"ಸಾವ್ಕಾರ್ರ, ನೀವು ಕರದ್ರಿ ಅಷ್ಟು ಸಾಕು. ಆದ್ರ ಇಲ್ಲಿ ಗಿರಾಕಿ ಕುಂತೈತಿ. ಬಿಟ್ಟು ಬರಾಕ ಆಗಂಗಿಲ್ರಿ" ಎಂದಳು. ಆಮೇಲೆ ನನ್ನತ್ತ ತಿರುಗಿ, "ಮೇಡಮ್ಮಾರ, ಆ ದಾರಿ ಕಡಿಗೆ ಈಗೀಗ ಹೋಗೀರೇನು?" ಎಂದು ಕೇಳಿದಳು. ಹೋಗಿರಲಿಲ್ಲ.

ಕಾರ್ಯದರ್ಶಿಯ ಕಾರನ್ನು ಕೇರಿಯ ಬಾಯಲ್ಲಿ ನಿಲ್ಲಿಸಿ ಒಳಗೆ ನಡೆದೆವು. ಅವರು ಅಲ್ಲಿಗೆ ಕಾಲಿಡುತ್ತಿದ್ದುದು ಅದೇ ಮೊದಲು. ಹಳ್ಳದ ದಂಡೆಯ ಕಾಲುದಾರಿ ಅರ್ಧಕ್ಕೆ ನಿಂತುಬಿಟ್ಟಿತ್ತು. ಅದರ ಮುಂದೆ ಒಂದು ಕುರಿದೊಡ್ಡಿ, ಅದನ್ನು ದಾಟಿದರೆ ತಗಡಿನ ಚಾವಣಿಯ ಒಂದು ಮನೆ. ಮನೆಯ ಹಿಂಗೋಡೆ ಬೇರೆ ಇರಲಿಲ್ಲ. ನಾನು ಮುಚ್ಚಿಸಿದ ಗೋಡೆಯೇ ಅದರ ಹಿಂಗೋಡೆ. ಚಾವಣಿಯ ಕೊಳವೆಗಳು ನನ್ನ ತೊಲೆಯ ಮೇಲೆ ಕುಳಿತಿದ್ದವು. ಮಣ್ಣಿನ ಗಾರೆಯ ಆ ಇಟ್ಟಿಗೆಗಳಿಗೆ ಒಳಗಿನಿಂದ ಸುಣ್ಣ ಬಳಿದು ದೇವರ ಪಟ ತೂಗುಹಾಕಿದ್ದರು.

ಮನೆಯ ಹೆಂಗಸು ಮೊಮ್ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹೊರಗೆ ಬಂದಳು. ಗೋಡೆ ಕಟ್ಟಿಸುವಾಗ ನನ್ನನ್ನು ಕಂಡಿದ್ದಳೇನೋ, ನಾವು ಯಾರೆಂದು ಗೊತ್ತಿದ್ದವಳಂತೆ ಹೇಳಿದಳು: "ದಾರಿ ನಡೆಯಾದು ನಿಂತಿತ್ರಿ. ಸುಮ್ನ ಬಿದ್ದಿತ್ತು ಜಾಗ. ಮಗನ ಲಗ್ನ ಆತು, ಮನಿ ಸಾಲಲಿಲ್ಲ. ಹಾಕೆಂಡ್ವಿ."

ಆ ಪಟ್ಟಿ ಸರ್ಕಾರದ ಹಳ್ಳದ ಜಾಗ, ಒಂದು ಅರ್ಜಿ ಕೊಟ್ಟರೆ ತೆಗೆಸಬಹುದು ಎಂಬುದು ಕಾರ್ಯದರ್ಶಿಗೂ ಗೊತ್ತಿತ್ತು, ನನಗೂ. ಅವರು ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ದಾರಿಯೊಂದು ನಡೆಯದಿದ್ದರೆ ಇಷ್ಟು ಬೇಗ ಮನೆಯಾಗುತ್ತದೆಂದು ನಾನು ಲೆಕ್ಕ ಹಾಕಿರಲಿಲ್ಲ. ಗೋಡೆ ಕಾಯುತ್ತದೆ, ತೊಲೆ ಕಾಯುತ್ತದೆ ಎಂದಷ್ಟೇ ಯೋಚಿಸಿದ್ದೆ.

"ನೀವು ಇಂಜಿನಿಯರ್ರ ಹೌದಲ್ರಿ?" ಎಂದಳು ಹೆಂಗಸು. "ಇಲ್ನೋಡ್ರಿ."

ಮನೆಯ ಮೂಲೆಗೆ ಕರೆದುಕೊಂಡು ಹೋದಳು. ನಾನು ಗೋಡೆಯ ಬುಡದಲ್ಲಿ ಇಟ್ಟಿದ್ದ ದಪ್ಪ ಪೈಪಿನ ಬಾಯಿ ಅವರ ಒಲೆಯ ಪಕ್ಕದಲ್ಲೇ ತೆರೆದುಕೊಂಡಿತ್ತು. ಗೋಣಿಚೀಲ ತುರುಕಿದ್ದರು. ಚೀಲದ ಸುತ್ತಲಿನ ನೆಲ ಹಿಂದಿನ ವರ್ಷದ ಮಳೆಗೆ ಕೊರೆದು ಹೋಗಿತ್ತು.

"ಮಳಿ ಬಂದ್ರ ನಿಮ್ಮ ಲೇಔಟಿನ ನೀರೆಲ್ಲ ನಮ್ಮ ಒಳಗ ಬರ್ತೈತ್ರಿ. ಇದಕ್ಕೊಂದು ದಾರಿ ಮಾಡಿ ಕೊಡ್ರಿ."

ಚೀಲದಿಂದ ಟೇಪು ತೆಗೆದೆ. ಪೈಪಿನ ಬಾಯಿಯಿಂದ ಮನೆಯ ಹೊರಗೋಡೆಯ ಗುಂಟ ಹಳ್ಳದ ತಗ್ಗಿಗೆ ಒಂದು ಕಾಲುವೆ ಬಿಡಬಹುದಿತ್ತು, ಇಳಿಜಾರು ಸಾಕಾಗುತ್ತದೆಯೇ ನೋಡಬೇಕಿತ್ತು. ಮೇಸ್ತ್ರಿ ನಮ್ಮ ಜೊತೆ ಬಂದಿರಲಿಲ್ಲ. ತುದಿ ಹಿಡಿಯಲು ಯಾರೂ ಇಲ್ಲವೆಂದು ಸುತ್ತ ನೋಡುತ್ತಿದ್ದಾಗ ಕಾರ್ಯದರ್ಶಿ ಧೋತರದ ಅಂಚನ್ನು ಎತ್ತಿ ಕಟ್ಟಿಕೊಂಡು, ನನ್ನ ಕೈಯಿಂದ ಟೇಪಿನ ತುದಿ ತೆಗೆದುಕೊಂಡರು. ಆ ಹೆಂಗಸಿನ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ತುದಿಯನ್ನು ಗೋಡೆಗೆ ಒತ್ತಿ ಹಿಡಿದು, "ಹೂಂ, ಹಿಡದೀನಿ. ಎಳಿ ತಂಗಿ" ಎಂದರು.